ಧೂಳಲ್ಲ, ಆಟವೇ ನಿಧಾನ

ಅಕ್ಕನ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಗುಂಡಿ ಒತ್ತಿ ಒತ್ತಿ ಅಲ್ಲಿನ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ಅದಿರಿನ ಕೆಂಪು ಗೆರೆ, ಎಷ್ಟು ಸೋಪು ಹಚ್ಚಿದರೂ ಹೋಗದ್ದು. ಚಹಾದ ಲೋಟ ಹಿಡಿದಾಗಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ, ಲೋಟದ ಅಂಚನ್ನೇ ಟಕಟಕ ಒತ್ತುತ್ತಿತ್ತು. "ಯಾರನ್ನ ಕಡಿಯಾಕ ಹತ್ತಿಯಕ್ಕಾ?" ಎಂದು ಕೇಳಿದರೆ, "ನಿನ್ನನ್ನಲ್ಲ ಬಿಡು, ನೀನು ಒಂದ ಏಟಿಗೆ ಬೀಳಾಕಿ" ಎನ್ನುತ್ತಿದ್ದಳು.

ಅವಳು ಧೂಳಿನಿಂದ ಸತ್ತಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮೂರ ಕಡೆ ಈ ಮಾತನ್ನು ನೇರವಾಗಿ ಹೇಳುವವರು ಆಗಲೂ ಇರಲಿಲ್ಲ. ನೆಗಡಿ ಎಂದರು, ಹವಾ ಬದಲಾಗಿದೆ ಎಂದರು, ಹಣೆಬರಹ ಎಂದರು. ಅಕ್ಕನೂ ಕೊನೆಯವರೆಗೆ ಧೂಳು ಎನ್ನಲಿಲ್ಲ. ಬಾಯಿ ಸತ್ತವಳಲ್ಲ ಅವಳು, ಊರಿನಲ್ಲೇ ಅತಿ ಹೆಚ್ಚು ಬಾಯಿ ಇದ್ದವಳು. ಅಂಥವಳು ಈ ಒಂದು ಮಾತನ್ನು ಯಾಕೆ ಹೇಳಲಿಲ್ಲ ಎಂಬುದರ ಹಿಂದೆ ಒಂದು ಜಪಾನಿ ಕಾರ್ಟೂನಿನ ಆಟದ ಕಥೆಯಿದೆ. ಕೇಳಿದವರು ನಗುತ್ತಾರೆ. ನಗಲಿ, ನನಗೆ ನಗು ಬರುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ರಸ್ತೆಯವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು. ಚಿತ್ತವಾಡ್ಗಿಯಲ್ಲಿ ಅವಳ ವಿಡಿಯೋ ಆಟದ ಅಂಗಡಿಗೂ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಕಂಪ್ಲಿಯಿಂದ ಬಸ್ಸಿನಲ್ಲಿ ಬಂದು ದಿನವಿಡೀ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಟೈಪು ಮಾಡುತ್ತಿದ್ದೆ. ಗಣಿ ದುಡ್ಡು ಉಕ್ಕುತ್ತಿದ್ದ ವರ್ಷಗಳು ಅವು, ಕಾರ್ಡುಗಳಿಗೆ ಬಂಗಾರದ ಬಣ್ಣವೇ ಬೇಕು ಎನ್ನುತ್ತಿದ್ದರು. ಎದುರಿನ ರಸ್ತೆಯಲ್ಲಿ ಸಂಡೂರಿನಿಂದ ಅದಿರು ತುಂಬಿಕೊಂಡು ಗೂಡ್ಸ್ ರೈಲಿಗೆ ತುಂಬಿಸುವ ಸೈಡಿಂಗಿಗೆ ಹೋಗಲು ಗಂಟೆಗಟ್ಟಲೆ ನಿಲ್ಲುವ ಲಾರಿಗಳ ಸಾಲು. ಆ ಸಾಲಿಗೆ ತಲೆಯೂ ಕಾಣುತ್ತಿರಲಿಲ್ಲ, ಬಾಲವೂ ಕಾಣುತ್ತಿರಲಿಲ್ಲ. ತಾಡಪತ್ರಿ ಹೊದಿಸದೆಯೇ ಬರುವ ಲಾರಿಗಳಿಂದ ಅದಿರಿನ ಪುಡಿ ಹಾರಿ ಬಂದು ನನ್ನ ಕೀಬೋರ್ಡು, ಊಟದ ಡಬ್ಬಿ, ಕಣ್ಣಿನ ರೆಪ್ಪೆ ಎಲ್ಲದರ ಮೇಲೂ ಕೂರುತ್ತಿತ್ತು. ಬಿಳಿ ದಾವಣಿ ಉಡುವುದನ್ನು ನಾನು ಆ ರಸ್ತೆಯಲ್ಲೇ ಬಿಟ್ಟೆ.

ಅಕ್ಕನ ಅಪ್ಪನ ಕಾಲದಲ್ಲಿ ಅದು ಬಾಡಿಗೆ ಸೈಕಲ್ಲಿನ ಅಂಗಡಿಯಾಗಿತ್ತು. ಹಂಪಿಗೆ ಬರುವ ಫಾರಿನ್ ಮಂದಿಯೂ ಅಲ್ಲಿ ಸೈಕಲ್ ಒಯ್ಯುತ್ತಿದ್ದರಂತೆ. ಊರಲ್ಲಿ ಮೋಟರ್ ಸೈಕಲ್ಲುಗಳು ತುಂಬಿಕೊಂಡ ಮೇಲೆ ಸೈಕಲ್ ಕೇಳುವವರಿಲ್ಲವಾದರು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಸೈಕಲ್ಲುಗಳನ್ನು ಗುಜರಿಗೆ ಕೊಟ್ಟು ಎರಡು ಟೀವಿ ಇಟ್ಟು ವಿಡಿಯೋ ಗೇಮ್ ಶುರು ಮಾಡಿದಳು. ಗಾಳಿ ಹೊಡೆಯುವ ಪಂಪನ್ನು ಮಾತ್ರ ಉಳಿಸಿಕೊಂಡಳು. ಆಮೇಲೆ ಹಂಪಿಗೆ ಬಂದಿದ್ದ ಒಬ್ಬ ಫಾರಿನ್ನಿನವನು ದುಡ್ಡು ಮುಗಿದು, ಕೈಯಲ್ಲೇ ಹಿಡಿದು ಆಡುವ ಆಟದ ಪೆಟ್ಟಿಗೆಯೊಂದನ್ನು ಅವಳಿಗೆ ಮಾರಿ ಹೋದ. ಅಂಗೈಗಿಂತ ಸ್ವಲ್ಪ ಉದ್ದ, ಅದರಲ್ಲೇ ತೆರೆ, ಅದರಲ್ಲೇ ಗುಂಡಿ. ಸಾಲಿನಲ್ಲಿ ಬೇಸತ್ತು ಕೂತಿದ್ದ ಒಬ್ಬ ಡ್ರೈವರ್ ಅದನ್ನು ನೋಡಿ, "ಇದನ್ನ ಬಾಡಿಗಿಗೆ ಕೊಡ್ತಿ ಏನವ್ವಾ?" ಎಂದು ಕೇಳಿದ. ಅಲ್ಲಿಂದ ಅವಳ ನಿಜವಾದ ವ್ಯಾಪಾರ ಶುರುವಾಯಿತು, ಬಂದ ದುಡ್ಡಿನಲ್ಲಿ ಅಂಥವೇ ಇನ್ನಷ್ಟು ಕೊಂಡಳು. ಡ್ರೈವರುಗಳು ಅದನ್ನು ಕೈಗೇಮ್ ಎಂದು ಕರೆದರು. ಊರೆಲ್ಲ ಹಾಗೇ ಕರೆಯಿತು.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಆ ಲೆವೆಲ್ನಾಗ ಸೇವ್ ಮಾಡೋದ ಮರ್ತೆ" ಎಂದು ನಗುತ್ತಿದ್ದಳು. ಮತ್ತೆ ಕೇಳಿದರೆ ನಗುತ್ತಿರಲಿಲ್ಲ.

ಅವಳ ಅಂಗಡಿಗೆ ಒಂದು ಕಟ್ಟಳೆಯಿತ್ತು. ಒಯ್ದ ಆಟವನ್ನು ತಂದುಕೊಟ್ಟವರು ಅದು ಹೇಗಿತ್ತು ಎಂದು ದುಡ್ಡಿನ ಗಲ್ಲೆಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳದಿದ್ದರೆ ಮುಂದಿನ ಆಟ ಸಿಗುವುದಿಲ್ಲ. "ಚಲೋ ಐತ್ರಿ" ಎಂದರೆ ಸಾಲದು. "ಚಲೋ ಅಂದ್ರ ಏನು ಚಲೋ? ಊಟ ಚಲೋ, ಹೆಂಡ್ತಿ ಚಲೋ, ಎಲ್ಲಾ ಒಂದನ? ಸರಿಯಾಗಿ ಹೇಳ್ರಿ" ಎಂದು ಕೈಗೇಮನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಮುಖ್ಯಮಂತ್ರಿಯ ಮುಂದೆಯೂ ಅಳುಕದ ಗಂಡಸರು ಅಲ್ಲಿ ಬೆವರುತ್ತಿದ್ದರು. ಅವರೆಲ್ಲರ ಮಾತು ಕೇಳಿ, ತಾನೂ ಆಡಿ, ಬಾಗಿಲ ಪಕ್ಕದ ದೊಡ್ಡ ಸ್ಲೇಟಿನ ಮೇಲೆ ಅಕ್ಕ ಒಂದೊಂದು ಸಾಲು ಬರೆಯುತ್ತಿದ್ದಳು. ಗುಂಡು ಹಾರಿಸುವ ಆಟ: ಸದ್ದು ಭಾಳ, ಸಾರ ಇಲ್ಲ. ಕಾರು ಓಡಿಸುವ ಆಟ: ಲೋಡ್ ಇಲ್ಲದ ಗಾಡಿ, ಡ್ರೈವರ್‌ಗೆ ಮಜಾ ಬರೋದಿಲ್ಲ. ಈ ಎರಡನೆಯದನ್ನು ಹೇಳಿದವನು ಎಮ್ಮಿಗನೂರಿನ ಡ್ರೈವರ್. ಅಕ್ಕನ ಖಾಯಂ ಗಿರಾಕಿ, ಒಳ್ಳೆಯ ಎತ್ತರದ ಆಳು, ಹೇಳುವ ಮಾತನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬರುತ್ತಿದ್ದವನು.

ನನಗೂ ಆ ಕಟ್ಟಳೆ ತಪ್ಪಲಿಲ್ಲ. ಮಧ್ಯಾಹ್ನ ಕೈಗೇಮ್ ಕೈಗಿಟ್ಟು ಆಡಿಸಿ, "ಹೇಳು" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಹುಡುಗಿಯರನ್ನು ಯಾರೂ ನಿನಗೆ ಏನನ್ನಿಸಿತು ಎಂದು ಕೇಳಿದ್ದಿಲ್ಲ. ಮೊದಮೊದಲು ನಾನು ಅವಳ ಮುಖ ನೋಡಿ ಅವಳಿಗೆ ಬೇಕಾದದ್ದನ್ನೇ ಹೇಳುತ್ತಿದ್ದೆ. "ನನ್ನ ಮಾರಿ ಮ್ಯಾಲೆ ಬರದೈತೇನು? ನಿನಗ ಹೆಂಗನಿಸ್ತು ಅದನ್ನ ಹೇಳು" ಎಂದು ರೇಗುತ್ತಿದ್ದಳು. ಇವತ್ತು ನಾನು ನಾಲ್ಕು ಜನರ ನಡುವೆ ನನ್ನ ಮಾತು ಆಡಬಲ್ಲೆನಾದರೆ, ಈ ಬರಹ ಬರೆಯಬಲ್ಲೆನಾದರೆ, ಅದು ಅವಳು ರೇಗಿದ್ದರ ಫಲ.

ಇನ್ನು ಆ ಆಟ. ಟೀವಿಯಲ್ಲಿ ಅಕ್ಕ ತಾನೊಬ್ಬಳೇ ಆಡಿಕೊಳ್ಳುತ್ತಿದ್ದ ಒಂದು ಆಟವಿತ್ತು. ಜಪಾನಿ ಕಾರ್ಟೂನಿನದು. ಬಿಳಿ ಕೂದಲಿನ ಒಬ್ಬ ಹುಡುಗಿ, ಎರಡೂ ಕೈಯಲ್ಲಿ ಕತ್ತಿ, ಸುತ್ತ ಮುತ್ತಿಕೊಳ್ಳುವ ರಾಕ್ಷಸರ ದಂಡು. ಆಡುವವರ ಕೆಲಸ ಒಂದೇ, ಕಡಿಯುತ್ತಾ ಹೋಗುವುದು. ನನಗೆ ಅದೇನು ಮಹಾ ಅನ್ನಿಸುತ್ತಿರಲಿಲ್ಲ, ಹಾಗೆಂದು ಹೇಳಿದೆ ಕೂಡ. ಅಕ್ಕ ಬೈಯಲಿಲ್ಲ. "ಎಷ್ಟು ಮಂದಿ ಮ್ಯಾಲೆ ಬಿದ್ರೂ ಆಕಿ ಕೈ ನಿಧಾನ ಆಗಂಗಿಲ್ಲ ನೋಡು. ಅದ ನನಗ ಸೇರೋದು" ಎಂದಳು. ಎಮ್ಮಿಗನೂರಿನವನಿಗೂ ಆ ಆಟದ ಹುಚ್ಚು ಹತ್ತಿತ್ತು. ಲಾರಿ ಸಾಲಿನಲ್ಲಿ ಬಿಟ್ಟು, ಕ್ಲೀನರನ್ನು ಕೂರಿಸಿ, ಬಂದು ನಿಂತು ಅಕ್ಕ ಆಡುವುದನ್ನು ನೋಡುತ್ತಿದ್ದ. ಕೊನೆಗೆ ಏನಾಗುತ್ತದೆ ಎಂದು ಕೇಳಿದರೆ ಅಕ್ಕ ಹೇಳುತ್ತಿರಲಿಲ್ಲ. "ಕೈಗೇಮಿಗೆ ಬರ್ತೈತಿ. ಆಗ ಒಯ್ದು ನೀನ ಆಡಿ ನೋಡು."

ಅದು ಕೈಗೇಮಿಗೆ ಬರುತ್ತದೆ ಎಂಬ ಸುದ್ದಿಯನ್ನು ನಮ್ಮ ಅಂಗಡಿಯ ಇಂಟರ್ನೆಟ್ಟಿನಲ್ಲಿ ಓದಿ ಹೇಳಿದವಳು ನಾನೇ. ಅವತ್ತು ಅಕ್ಕ ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು. ಆಡುವ ಮೊದಲೇ ಸ್ಲೇಟಿನ ಮೇಲೆ ಬರೆದಳು. ಬಿಳಿಗೂದಲ ಹುಡುಗಿ: ಇದಕ್ಕಿಂತ ಚಲೋದು ಇಲ್ಲ. ಸಾಲಿನ ಡ್ರೈವರುಗಳು ಅದನ್ನು ನೋಡಿ ದಿನಾ ಬಂದು ವಿಚಾರಿಸತೊಡಗಿದರು. ಬಾಕಿ ಆಟಗಳನ್ನೆಲ್ಲ ಮೂಲೆಗೆ ಸರಿಸಿ ಅಕ್ಕ ಇದ್ದಬದ್ದ ಕೈಗೇಮುಗಳಿಗೆಲ್ಲ ಆ ಒಂದೇ ಆಟ ತರಿಸುವ ವ್ಯವಸ್ಥೆ ಮಾಡಿಕೊಂಡಳು.

ಆಟ ಇಲ್ಲಿಗೆ ಬರುವ ಮೊದಲೇ ಹೊರದೇಶದ ವಿಮರ್ಶೆಗಳು ಬಂದವು. ಅಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು, ನಾನು ಒಂದೊಂದನ್ನೇ ಓದಿ ಕನ್ನಡದಲ್ಲಿ ಹೇಳಿದೆ. ಒಂದೂ ಒಳ್ಳೆಯ ಮಾತಿರಲಿಲ್ಲ. ದೊಡ್ಡ ಆಟವನ್ನು ಸಣ್ಣ ಪೆಟ್ಟಿಗೆಯಲ್ಲಿ ತುರುಕಿದ್ದಾರೆ ಎಂದಿದ್ದ ಒಬ್ಬ. ರಾಕ್ಷಸರು ಹೆಚ್ಚಾದ ಕೂಡಲೇ ಆಟಕ್ಕೆ ಉಸಿರು ಕಟ್ಟುತ್ತದೆ, ಹುಡುಗಿಯ ಕೈ ನೀರೊಳಗೆ ಬೀಸಿದಂತೆ ನಿಧಾನವಾಗುತ್ತದೆ ಎಂದಿದ್ದ ಇನ್ನೊಬ್ಬ. ಮೂಲ ಆಟವನ್ನು ಪ್ರೀತಿಸಿದವರು ಬೇಕಾದರೆ ಕ್ಷಮಿಸಿಯಾರು ಎಂದು ಮತ್ತೊಬ್ಬ ಮುಗಿಸಿದ್ದ. ಎಲ್ಲರೂ ಹತ್ತರಲ್ಲಿ ಅರ್ಧಕ್ಕಿಂತ ಕಮ್ಮಿಯೇ ಕೊಟ್ಟಿದ್ದರು.

"ಎಸಿ ರೂಮಿನಾಗ ಕುಂತು ಬರದಾರ" ಎಂದಳು ಅಕ್ಕ. "ಅವರ್ಯಾರು ಲಾರ್ಯಾಗ ಕುಂತು ಆಡ್ಯಾರ? ಕ್ಷಮಿಸೋದು ಏನೈತಿ ಇದ್ರಾಗ? ಬಿಡು." ಎದ್ದು ಹೋದಳು. ಗೋಡೆಯಾಚೆ ಕೆಮ್ಮುವುದು ಕೇಳಿಸಿತು. ಕೆಮ್ಮು ಆಗಲೇ ಇತ್ತು, ಒಣ ಕೆಮ್ಮು, ಆ ರಸ್ತೆಯಲ್ಲಿ ಎಲ್ಲರಿಗೂ ಇದ್ದಂಥದ್ದು.

ಆಟ ಬಂತು. ಒಯ್ದ ಮೊದಲ ಡ್ರೈವರ್ ಮರುದಿನವೇ ವಾಪಸು ತಂದ. ಗಲ್ಲೆಯ ಮುಂದೆ ನಿಂತು, "ಅಕ್ಕಾ, ಆಟ ಮಸ್ತ್ ಐತ್ರಿ, ನಿಮ್ಮ ಕೈಗೇಮಿನಾಗ ಧೂಳು ಹೊಕ್ಕೈತಿ. ಜಡ ಆಗೈತಿ" ಎಂದ. ಎರಡನೆಯವನೂ ಅದೇ ಮಾತು. ಮೂರನೆಯವನೂ. ಯಾರೂ ಆಟವನ್ನು ಬೈಯಲಿಲ್ಲ, ಸ್ಲೇಟಿನ ಮೇಲೆ ಅಕ್ಕನೇ ಬರೆದ ಮಾತಿತ್ತಲ್ಲ. ಎಲ್ಲರೂ ಧೂಳನ್ನು ಬೈದರು. ನಮ್ಮೂರಲ್ಲಿ ಆಗ ಏನು ಕೆಟ್ಟರೂ ಧೂಳೇ. ಫ್ಯಾನು ನಿಂತರೆ ಧೂಳು, ಮೊಬೈಲು ಕೆಟ್ಟರೆ ಧೂಳು, ಗೋಡೆ ಗಡಿಯಾರ ಹಿಂದೆ ಬಿದ್ದರೆ ಧೂಳು. ಬೇರೆ ಊರಿನವರು ಹೀಗೆ ತಪ್ಪು ತಿಳಿಯುವುದೂ ಸಾಧ್ಯವಿರಲಿಲ್ಲ.

ಅಕ್ಕನಿಗೆ ಜೀವ ಬಂದಂತಾಯಿತು. ಆಟದಲ್ಲಿ ದೋಷವಿಲ್ಲ, ಧೂಳಿನಲ್ಲಿ ದೋಷ. ಧೂಳನ್ನು ತೆಗೆಯಬಹುದು. ಬಾಗಿಲ ಬೆಳಕಿನಲ್ಲಿ ಚಾಪೆ ಹಾಸಿ, ಸಣ್ಣ ಸ್ಕ್ರೂಡ್ರೈವರಿನಲ್ಲಿ ಒಂದೊಂದೇ ಕೈಗೇಮ್ ಬಿಚ್ಚಿದಳು. ಒಳಗೆ ನಿಜವಾಗಿಯೂ ಕೆಂಪು ಪುಡಿ ಇತ್ತು, ಕುಂಕುಮದ ಡಬ್ಬಿ ಚೆಲ್ಲಿದ ಹಾಗೆ. ಅಪ್ಪನ ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಪಂಪಿನ ಗಾಳಿ ಹೋಗದ ಸಂದಿಗಳಿಗೆ ಮುಖ ಹತ್ತಿರ ತಂದು ಬಾಯಿಂದ ಊದಿದಳು. ಊದಿದಾಗ ಹಾರಿದ್ದು ಎಲ್ಲಿಗೆ ಹೋಗಬೇಕು? ಅವಳ ಮೂಗಿಗೆ, ಬಾಯಿಗೆ, ಎದೆಗೆ. ನಾನು ಕರ್ಚೀಫು ಕೊಟ್ಟೆ. "ಬಾಯಿ ಕಟ್ಟಿಕೊಂಡ್ರ ಊದೋದು ಹೆಂಗಲೇ?" ಎಂದು ಅದನ್ನು ಗಾಜು ಒರೆಸಲು ಬಳಸಿದಳು.

ಜೋಡಿಸಿ ಕೊಡುತ್ತಿದ್ದಳು, ಅವರು ಸಾಲಿಗೆ ಒಯ್ಯುತ್ತಿದ್ದರು, ಮತ್ತೆ ಅದೇ ದೂರು ತರುತ್ತಿದ್ದರು. ಮತ್ತೆ ಬಿಚ್ಚುತ್ತಿದ್ದಳು. ಬೇಸಿಗೆ ಪೂರ್ತಿ ಹೀಗೇ ಹೋಯಿತು. ಲಾರಿಗಳೂ ಹೆಚ್ಚಾದವು, ಪುಡಿಯೂ ಹೆಚ್ಚಾಯಿತು. ಅಕ್ಕ ಊದುತ್ತಲೇ ಇದ್ದಳು, ಊದಿ ಊದಿ ಮುಖ ಕೆಂಪಾಗಿ ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಗೋಡೆ ತಟ್ಟಿದರೆ ಆ ಕಡೆಯಿಂದ ಮೂರು ಸಲ ತಟ್ಟುತ್ತಿದ್ದಳು, ಅಂದರೆ ಆರಾಮಿದ್ದೇನೆ ಎಂದರ್ಥ.

ಆ ಹುಚ್ಚು ನಿಂತದ್ದು ಒಂದು ಮಧ್ಯಾಹ್ನ. ಗಣಿ ಆಫೀಸಿನ ಮ್ಯಾನೇಜರೊಬ್ಬ ಕಾರಿನಲ್ಲಿ ಬಂದ. ಬೆಂಗಳೂರಿನಿಂದ ಹೊಸ ಕೈಗೇಮ್ ತರಿಸಿದ್ದ, ಡಬ್ಬಿಯನ್ನೂ ಒಡೆದಿರಲಿಲ್ಲ. ಬಿಳಿಗೂದಲ ಹುಡುಗಿಯ ಆಟ ಬೇಕೆಂದ. ಅಕ್ಕ ತಾನೇ ಡಬ್ಬಿ ಒಡೆದಳು. ಪ್ಲಾಸ್ಟಿಕ್ಕಿನ ಹೊಸ ವಾಸನೆ, ಒಂದು ಕಣ ಧೂಳಿಲ್ಲ. ಆಟ ಹಾಕಿ ಆಡತೊಡಗಿದಳು. ಎಮ್ಮಿಗನೂರಿನವನೂ ಇದ್ದ, ನಾನೂ ಇದ್ದೆ. ಹುಡುಗಿ ಸೇತುವೆ ದಾಟಿದಳು. ರಾಕ್ಷಸರು ಬಂದರು. ಐದಾರು ಜನ ಇರುವವರೆಗೆ ಸರಿಯಿತ್ತು. ಗುಂಪು ಮುತ್ತಿಕೊಂಡ ಕೂಡಲೇ ಹುಡುಗಿಯ ಕೈ ಭಾರವಾಯಿತು. ಕತ್ತಿ ಮೇಲೆದ್ದದ್ದು ಇಳಿಯುವಷ್ಟರಲ್ಲಿ ಅಕ್ಕನ ಹೆಬ್ಬೆರಳು ಹತ್ತು ಸಲ ಒತ್ತಿಯಾಗಿತ್ತು.

ಅಕ್ಕ ಕೈಗೇಮನ್ನು ಮ್ಯಾನೇಜರಿಗೆ ವಾಪಸು ಕೊಟ್ಟಳು. ಅವನು, "ಯಾಕ್ರೀ, ಏನಾತು?" ಎಂದ.

"ಏನಿಲ್ರಿ. ಧೂಳಲ್ಲ. ಆಟನ ಹಂಗೈತಿ."

ಅವನು ಹೋದ ಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಸ್ಲೇಟು ಒರೆಸಿದಳು. ಬಳಪ ತೆಗೆದುಕೊಂಡಳು. ಬಿಳಿಗೂದಲ ಹುಡುಗಿ: ಧೂಳಲ್ಲ, ಆಟವೇ ನಿಧಾನ. ನಾನು ತಪ್ಪು ಬರೆದಿದ್ದೆ. ಇಷ್ಟೇ ಬರೆದಳು. ತಪ್ಪು ಬರೆದಿದ್ದೆ ಎಂದು ಬೀದಿ ಬಾಗಿಲಿನಲ್ಲಿ ಬರೆದುಕೊಂಡವರನ್ನು ನಾನು ಆ ಊರಿನಲ್ಲಿ ಬೇರೆ ಯಾರನ್ನೂ ನೋಡಿಲ್ಲ. ಅವತ್ತು ನನಗೆ ಅವಳ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಅದೇ ಮಾತು ಅವಳನ್ನು ಕೊಲ್ಲುತ್ತದೆ ಎಂಬುದು ಕನಸಿನಲ್ಲೂ ಹೊಳೆಯಲಿಲ್ಲ.

ಮಳೆಗಾಲ ಬಂದರೂ ಕೆಮ್ಮು ನಿಲ್ಲಲಿಲ್ಲ. ಅಂಗಡಿಯ ಎರಡು ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದಳು. ಕುಪ್ಪಸದ ತೋಳು ಜೋತಾಡತೊಡಗಿತು. ನಾನು ಹೇಳಿದೆ, ಎಮ್ಮಿಗನೂರಿನವನು ಹೇಳಿದ, ಚಹಾದವನು ಹೇಳಿದ. "ಅಕ್ಕಾ, ಎದಿಯಾಗ ಧೂಳು ಕುಂತೈತಿ. ಬಳ್ಳಾರಿಗೆ ಹೋಗಿ ತೋರ್ಸು."

"ಧೂಳು ಧೂಳು ಅಂತ ನೀವ ಅಲ್ಲೇನು ನನ್ನ ಬ್ಯಾಸಗಿ ಪೂರಾ ಕುಣಿಸಿದ್ದು?" ಎಂದಳು. ಸಿಟ್ಟಿನಿಂದಲ್ಲ, ದಣಿವಿನಿಂದ. "ಬಿಚ್ಚಿದೆ, ಊದಿದೆ, ಒರಸಿದೆ. ಏನಾತು? ಧೂಳಿಗೆ ಏನೂ ಸಂಬಂಧ ಇರ್ಲಿಲ್ಲ. ಇದೂ ಹಂಗ. ವಯಸ್ಸಾತು, ಮಷೀನ ನಿಧಾನ ಆಗೈತಿ. ಒಮ್ಮೆ ಮೋಸ ಹೋಗೀನಿ, ಇನ್ನೊಮ್ಮೆ ಹೋಗಂಗಿಲ್ಲ."

ನಾನು ಕೂಗಾಡಿದೆ. ಕೈಗೇಮೇ ಬೇರೆ, ಮನುಷ್ಯಳ ಎದೆಯೇ ಬೇರೆ ಎಂದೆ. ಒಂದು ಸಲ ಅಲ್ಲ ಅಂದರೆ ಯಾವಾಗಲೂ ಅಲ್ಲ ಎಂದೇನಿದೆ ಎಂದೆ. ಅವಳು ನನ್ನನ್ನೇ ನೋಡಿ, "ಮಾತು ಕಲ್ತಿ ನೋಡು" ಎಂದು ನಕ್ಕಳು. ನಕ್ಕದ್ದು ಕೆಮ್ಮಾಗಿ, ಕೆಮ್ಮು ನಿಲ್ಲದೆ, ನಾನೇ ನೀರು ಕುಡಿಸಬೇಕಾಯಿತು. ಅವಳು ನನ್ನ ಮಾತನ್ನು ಒಪ್ಪಲಿಲ್ಲ. ತಪ್ಪೊಪ್ಪಿಕೊಂಡು ಅಷ್ಟು ಕಷ್ಟಪಟ್ಟು ಸಂಪಾದಿಸಿದ ಸತ್ಯವನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಆ ಸತ್ಯ ಸರಿಯಾಗಿಯೇ ಇತ್ತು. ಆಟದ ಮಟ್ಟಿಗೆ.

ಕೊನೆಗೆ ಬಾಯಲ್ಲಿ ರಕ್ತ ಬಂದ ದಿನ ನಾನೂ ಚಹಾದವನೂ ಅವಳನ್ನು ಕೇಳದೆಯೇ ಬಾಡಿಗೆ ಕಾರಿನಲ್ಲಿ ಕೂರಿಸಿದೆವು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಕಲ್ಲು ಒಡಿಯೋ ಕ್ರಷರ್‌ನಾಗ ಕೆಲಸ ಮಾಡ್ತಾರೇನು?" ಎಂದು ನನ್ನನ್ನು ಕೇಳಿದರು. ಇಲ್ಲ, ಆಟದಂಗಡಿ ಎಂದೆ. ಅವರು ಮತ್ತೊಮ್ಮೆ ಎಕ್ಸ್‌ರೇ ನೋಡಿದರು, ಅಕ್ಕನ ಉಗುರು ನೋಡಿದರು. ಮೊದಲೇ ಬಂದಿದ್ದರೆ, ಆ ರಸ್ತೆಯಿಂದ ದೂರ ಕಳಿಸಿದ್ದರೆ, ಏನಾದರೂ ಮಾಡಬಹುದಿತ್ತು ಎಂದು ಹೊರಗೆ ಕರೆದು ಹೇಳಿದರು. ಒಳಗೆ ಬಂದಾಗ ಅಕ್ಕ, "ಏನಂತ?" ಎಂದಳು. ಅವಳ ಕಟ್ಟಳೆಯಂತೆ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಹಾಸಿಗೆಯ ಅಂಚನ್ನು ಹೆಬ್ಬೆರಳು ಒತ್ತುತ್ತಿತ್ತು, ತುಂಬಾ ನಿಧಾನವಾಗಿ. ಆ ವರ್ಷದ ದೀಪಾವಳಿಯನ್ನು ಅವಳು ಕಾಣಲಿಲ್ಲ.

ಅವಳು ಹೋಗಿ ಕೆಲವು ದಿನಗಳ ಮೇಲೆ ಎಮ್ಮಿಗನೂರಿನವನು ಬಂದ. ಬಂದರಿನ ಕಡೆ ದೂರದ ಟ್ರಿಪ್ಪಿಗೆ ಹೋಗಿದ್ದ, ಅವಳು ತೀರಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಅಕ್ಕನ ಕೈಗೇಮ್. ಮುಚ್ಚಿದ ಶಟರು ನೋಡಿ ನನ್ನ ಬಾಗಿಲಿಗೆ ಬಂದ. ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತ. ಅಷ್ಟು ಎತ್ತರದ ಆಳು ಹಾಗೆ ಮುದುಡಿ ಕೂತದ್ದನ್ನು ನೋಡಲಾಗದೆ ನಾನು ಒಳಗೆ ಹೋಗಿ ಚಹಾ ತರಿಸಿದೆ.

ಚಹಾ ಕುಡಿದು ಎದ್ದು ಹೋಗಿ ಶಟರಿನ ಮುಂದೆ ನಿಂತ. ಗಲ್ಲೆಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ. ರಸ್ತೆಯ ಸದ್ದಿನಲ್ಲೂ ಕೇಳುವ ಹಾಗೆ ಹೇಳಿದ: "ಅಕ್ಕಾ, ಬಿಳಿಗೂದಲ ಹುಡುಗಿ ಆಟ ಪೂರಾ ಆಡೀನಿ. ನೀನು ಬರದದ್ದು ಖರೆ, ಆಟ ನಿಧಾನ ಐತಿ. ಮಂದಿ ಮುತ್ತಿದ್ರಂದ್ರ ಆಕಿಗೆ ಕೈ ಎತ್ತಾಕ ಆಗಂಗಿಲ್ಲ. ಕಡೀಕ ಆಕಿ ಸಾಯ್ತಾಳ. ನೀನ್ಯಾಕ ಹೇಳಿರ್ಲಿಲ್ಲ ಅಂತ ಈಗ ಗೊತ್ತಾತು." ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಒಣ ಕೆಮ್ಮು. ಶಟರಿಗೆ ಕೈ ಊರಿ ಬಾಗಿ ಕೆಮ್ಮಿದ.

"ಎಷ್ಟು ದಿನದಿಂದ ಐತಿ ಇದು?" ಎಂದು ಕೇಳಿದೆ.

"ಏ, ಏನಿಲ್ಲ ಬಿಡ್ರಿ. ಬಂದರಿನ ಹವಾ."

"ಹವಾ ಅಲ್ಲ. ಏನಂತ ಸರಿಯಾಗಿ ಹೇಳ್ರಿ." ನನ್ನ ಧ್ವನಿ ಅಕ್ಕನ ಧ್ವನಿಯಂತೆ ಕೇಳಿ ನನಗೇ ಗಾಬರಿಯಾಯಿತು. "ಹೇಳಿ ಹೋಗ್ರಿ."

ಅವನು ಬಾಯಿ ತೆರೆದ. ಹಿಂದಿನಿಂದ ಹಾರ್ನು, ಒಂದರ ಮೇಲೊಂದು. ಕ್ಲೀನರ್ ಲಾರಿಯಿಂದ ಅರ್ಧ ಹೊರಗೆ ಬಗ್ಗಿ, "ಲೈನ್ ಹೊಂಟತಣ್ಣಾ, ಜಲ್ದಿ ಬಾ" ಎಂದು ಕೂಗಿದ. ಅವನು ಕೈಗೇಮನ್ನು ನನ್ನ ಕೈಯಲ್ಲಿಟ್ಟು, ತಲೆ ತಗ್ಗಿಸಿ ಓಡಿದ. ಆಟದ ಮಾತು ಹೇಳಿ ಹೋದ. ತನ್ನ ಮಾತು ಹೇಳಲಿಲ್ಲ.

ಲಾರಿ ಮುಂದೆ ಸರಿಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಕೈಗೇಮಿನ ಗುಂಡಿಗಳ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ಮುಖದ ಹತ್ತಿರ ತಂದು, ಊದಲೆಂದು ಉಸಿರೆಳೆದುಕೊಂಡವಳು, ಹಾಗೆಯೇ ಬಾಯಿ ಮುಚ್ಚಿಕೊಂಡೆ.